ಮುನಿತಾಯಮ್ಮನ ನಲವತ್ತೈದು ಗಂಟು

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ. ಒತ್ತಕ್ಷರಗಳು ಗೆರೆ ದಾಟಿ ಕೆಳಗಿನ ಸಾಲಿಗೆ ತಾಗುತ್ತವೆ. ಹತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳಾದ್ದರಿಂದ ಪದಗಳೂ ಕಡಿಮೆ. ‘ನಮ್ಮ ನಡುವಿನ ಒಬ್ಬರು’ ಎಂಬ ವಿಷಯದ ಮೇಲೆ ಯಾರು ಬೇಕಾದರೂ ಬರೆದು ಕೊಡಬಹುದು ಎಂದು ಕನ್ನಡ ಸಂಘದವರು ಗ್ರಂಥಾಲಯದ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಅದನ್ನು ಮೂರು ದಿನ ಓದಿ ನಾಲ್ಕನೆಯ ದಿನ ಬರೆಯಲು ಕೂತೆ. ಇಲ್ಲಿರುವ ಸಂಖ್ಯೆಗಳನ್ನೆಲ್ಲ ನನ್ನ ನೋಟ್‌ಬುಕ್ ನೋಡಿ ಎರಡು ಸಲ ಸರಿ ನೋಡಿದ್ದೇನೆ.

ನಾನು ಬರೆಯುತ್ತಿರುವುದು ಮುನಿತಾಯಮ್ಮ ಅವರ ಬಗ್ಗೆ. ನಾನು ಅವರನ್ನು ಅಜ್ಜಿ ಎನ್ನುತ್ತೇನೆ, ಆದರೆ ನಾವು ಸಂಬಂಧಿಕರಲ್ಲ.

ಅಜ್ಜಿ ಹುಟ್ಟಿದ್ದು ಹೊಸಹಳ್ಳಿಯಲ್ಲಿ. ಆಗ ಅದು ನಿಜವಾಗಿಯೂ ಹಳ್ಳಿಯಾಗಿತ್ತಂತೆ. ಈಗ ಮೂರಂತಸ್ತಿನ ಮನೆಗಳಿರುವ ಕಡೆ ಅವರ ಅಪ್ಪ ಕನಕಾಂಬರ ಬೆಳೆಯುತ್ತಿದ್ದರು. ಐದು ವರ್ಷದವರಿದ್ದಾಗಲೇ ಅವರ ಕೈಗೆ ಹೂವು ಕಟ್ಟುವ ಬಾಳೆನಾರು ಬಂತು. ಶಾಲೆಗೆ ಹೋಗಲಿಲ್ಲ. ಮದುವೆಯಾಯಿತು, ಗಂಡ ಬಟ್ಟೆ ಗಿರಣಿಯಲ್ಲಿದ್ದರು, ತೀರಿಕೊಂಡರು. ಇಬ್ಬರು ಹೆಣ್ಣುಮಕ್ಕಳನ್ನು ಹೂವು ಕಟ್ಟಿಯೇ ಓದಿಸಿ ಮದುವೆ ಮಾಡಿದರು. ಈಗ ಅವರಿಗೆ ಅರವತ್ತಮೂರು. ದಿನಾ ಬೆಳಗಿನ ಜಾವ ಮಾರ್ಕೆಟ್ಟಿಗೆ ಹೋಗಿ ಬಿಡಿಹೂವು ತಂದು, ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆಯ ಮೂಲೆಯಲ್ಲಿ ಗೋಣಿಚೀಲ ಹಾಸಿ ಕೂತು ಕಟ್ಟುತ್ತಾರೆ. ನನ್ನ ಅವ್ವ ಪೀಣ್ಯದ ಗಾರ್ಮೆಂಟ್ಸ್‌ಗೆ ಹೋಗುವಾಗ ಅವರ ಹತ್ತಿರ ಹೂವು ಕೊಳ್ಳುತ್ತಿದ್ದಳು. ಶಾಲೆ ಬಿಟ್ಟು ಲಗ್ಗೆರೆಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ ನನ್ನನ್ನು ಅವ್ವ ಒಂದು ದಿನ ಕರೆತಂದು ಅವರ ಪಕ್ಕ ಕೂರಿಸಿ ಹೋದಳು.

ನಾನು ಶಾಲೆ ಬಿಟ್ಟ ಕಾರಣವನ್ನು ಚಿಕ್ಕದಾಗಿ ಹೇಳುತ್ತೇನೆ, ಏಕೆಂದರೆ ಮುಂದಿನ ತಪ್ಪಿಗೂ ಅದಕ್ಕೂ ಸಂಬಂಧವಿದೆ. ನಾವು ಬಾಗಲಕೋಟೆ ಕಡೆಯವರು. ತರಗತಿಯಲ್ಲಿ ನಾನು ಬಾಯಿ ತೆರೆದರೆ ಹುಡುಗಿಯರು ನನ್ನ ಮಾತನ್ನೇ ಎಳೆದೆಳೆದು ಹೇಳಿ ನಗುತ್ತಿದ್ದರು. ಗೊತ್ತಿಲ್ಲದ್ದನ್ನು ಕೇಳುವುದನ್ನು ಮೊದಲು ಬಿಟ್ಟೆ, ಆಮೇಲೆ ಹೋಗುವುದನ್ನೇ ಬಿಟ್ಟೆ. ಅಜ್ಜಿಯ ಪಕ್ಕದಲ್ಲಿ ಮಾತಾಡಬೇಕಾಗಿರಲಿಲ್ಲ. ಅವರೇ ಇಬ್ಬರಿಗಾಗುವಷ್ಟು ಮಾತಾಡುತ್ತಿದ್ದರು.

ಅದೇ ಅಡ್ಡರಸ್ತೆಯ ಕೊನೆಯಲ್ಲಿ ವೆಂಕಟಗಿರಿ ಅವರ ಶೆಡ್ಡು ಇದೆ. ಅವರು ಒಂದು ಕಾರ್ಖಾನೆಯಲ್ಲಿ ಟೂಲ್‌ರೂಮ್ ಫಿಟರ್ ಆಗಿದ್ದವರು. ಸ್ವಯಂ ನಿವೃತ್ತಿ ತೆಗೆದುಕೊಂಡು ಎಂಟು ವರ್ಷಗಳಿಂದ ಆ ಶೆಡ್ಡಿನಲ್ಲಿ ಎರಡು ಸೀಟಿನ ಒಂದು ಸಣ್ಣ ವಿಮಾನ ಕಟ್ಟುತ್ತಿದ್ದಾರೆ. ಬೀದಿಯವರಿಗೆ ಅದೊಂದು ತಮಾಷೆ. ಆದರೆ ಅವರು ಪ್ರತಿ ಶುಕ್ರವಾರ ತಪ್ಪದೆ ಅಜ್ಜಿಯ ಹತ್ತಿರ ಒಂದು ಮಾರು ಹೂವು ಕೊಂಡು ಇಂಜಿನ್ನಿನ ಮೂತಿಗೆ ಹಾಕಿ ಪೂಜೆ ಮಾಡುತ್ತಿದ್ದರು.

ಕಳೆದ ವರ್ಷ, ಅಂದರೆ 2007ರ ಸೆಪ್ಟೆಂಬರಿನಲ್ಲಿ, ಒಂದು ಶನಿವಾರ ಅವರು ಕೈಯಲ್ಲಿ ಬರೀ ದಾರ ಹಿಡಿದುಕೊಂಡು ಬಂದರು.

“ಮುನಿತಾಯಮ್ಮ, ಇದೇನು ನೋಡಿ.”

“ಏನ್ ಸಾಮಿ, ಹೂವೆಲ್ಲ ತಿಂದ್ಬಿಟ್ರಾ?”

“ಹಾರ ತೆಗೆಯೋದು ಮರೆತು ಇಂಜಿನ್ ಸ್ಟಾರ್ಟ್ ಮಾಡ್ಬಿಟ್ಟೆ. ಒಂದು ಎಸಳೂ ಉಳಿದಿಲ್ಲ. ಆದ್ರೆ ಗಂಟು ನೋಡಿ. ಒಂದೂ ಜಾರಿಲ್ಲ.”

“ನನ್ನ ಗಂಟು ಯಾಕೆ ಜಾರ್ತದೆ?” ಎಂದು ಅಜ್ಜಿ ತಲೆ ಎತ್ತದೆ ಹೇಳಿದರು. ಅದು ಜಂಬದ ಮಾತಲ್ಲ. ನಲವತ್ತು ವರ್ಷದಲ್ಲಿ ಯಾರೂ ಬಿಚ್ಚಿಹೋದ ಮಾಲೆ ಹಿಡಿದುಕೊಂಡು ಅವರ ಹತ್ತಿರ ವಾಪಸ್ ಬಂದಿರಲಿಲ್ಲ.

ಅಂಥ ಗಂಟು ತಮ್ಮ ವಿಮಾನಕ್ಕೂ ಬೇಕೆಂದು ಅವರು ಕರೆದಾಗ ನಾವಿಬ್ಬರೂ ಶೆಡ್ಡಿಗೆ ಹೋದೆವು. ಅಲ್ಲಿ ಅವರಿಗೆ ಬೇಕಾಗಿದ್ದ ಕೆಲಸ ಇದು. ರೆಕ್ಕೆಯ ಒಳಗೆ ಮರದ ಪಕ್ಕೆಗಳಿರುತ್ತವೆ, ಮೀನಿನ ಮುಳ್ಳಿನ ಹಾಗೆ. ಒಂದೊಂದು ರೆಕ್ಕೆಗೆ ಹದಿಮೂರು. ಅವುಗಳ ಮೇಲೆ ಬಟ್ಟೆ ಹೊದಿಸಿ, ಇಸ್ತ್ರಿಪೆಟ್ಟಿಗೆಯ ಬಿಸಿಯಿಂದ ತಮಟೆಯಂತೆ ಬಿಗಿ ಮಾಡುತ್ತಾರೆ. ಆಮೇಲೆ ಉದ್ದ ಸೂಜಿಯಲ್ಲಿ ಮೇಣ ಹಚ್ಚಿದ ನೂಲು ಪೋಣಿಸಿ, ಬಟ್ಟೆಯನ್ನು ಪ್ರತಿ ಪಕ್ಕೆಗೂ ಹೊಲಿದು ಗಂಟು ಹಾಕಬೇಕು. ಹಾರುವಾಗ ಗಾಳಿ ರೆಕ್ಕೆಯ ಮೇಲ್ಭಾಗದ ಬಟ್ಟೆಯನ್ನು ಮೇಲಕ್ಕೆ ಎಳೆಯುತ್ತದೆ, ಅದರಲ್ಲೂ ಮುಂಭಾಗದಲ್ಲಿ ಹೆಚ್ಚು. ಆ ಎಳೆತವನ್ನು ಹಿಡಿಯುವುದು ಈ ಗಂಟುಗಳು. ವೆಂಕಟಗಿರಿ ಸಾರ್ ತಾವೇ ಹಾಕಿದ್ದ ಗಂಟುಗಳನ್ನು ಅಜ್ಜಿ ಉಗುರಿನಿಂದ ಒಮ್ಮೆ ನೂಕಿ ನೋಡಿ, “ಇದು ಗಂಟಲ್ಲ ಸಾಮಿ, ಸಮಾಧಾನ” ಎಂದರು.

ರೆಕ್ಕೆಯನ್ನು ಅಂಚಿನ ಮೇಲೆ ಗೋಡೆಯಂತೆ ನಿಲ್ಲಿಸಿದ್ದರು. ಅಜ್ಜಿ ಆ ಕಡೆ, ನಾನು ಈ ಕಡೆ. ಅವರು ಚುಚ್ಚಿದ ಸೂಜಿ ನನ್ನ ಕಡೆಗೆ ಬರುತ್ತಿತ್ತು, ನಾನು ಎಳೆದು ಪಕ್ಕೆಯ ಇನ್ನೊಂದು ಬದಿಯಿಂದ ವಾಪಸ್ ಚುಚ್ಚುತ್ತಿದ್ದೆ, ಅವರು ಗಂಟು ಹಾಕುತ್ತಿದ್ದರು. ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಅವರಿಗೆ ನನ್ನದು ಕಾಣುತ್ತಿರಲಿಲ್ಲ. ನನಗೆ ಅದು ಹಿತವಾಗಿತ್ತು. ಬಟ್ಟೆಯ ಗೋಡೆಯ ಈಚೆಯಿಂದ ನಾನು ಒಂದೆರಡು ಮಾತು ಆಡಲು ಶುರು ಮಾಡಿದೆ.

ವೆಂಕಟಗಿರಿ ಸಾರ್ ಕಲಿಸಿದ ಗಂಟಿಗೆ ಎರಡು ಸುತ್ತು. ಮೊದಲನೆಯದು ನೂಲನ್ನು ಹಿಡಿಯುತ್ತದೆ, ಎರಡನೆಯದು ಮೊದಲನೆಯದು ಜಾರದಂತೆ ಬೀಗ ಹಾಕುತ್ತದೆ. ಹೂವು ಕಟ್ಟುವವರ ಲೆಕ್ಕದಲ್ಲಿ ಒಂದು ಸುತ್ತು ಒಂದು ಗಂಟು. ಒಂದು ಪಕ್ಕೆಗೆ ಇಪ್ಪತ್ತಾರು ಹೊಲಿಗೆ, ಆದ್ದರಿಂದ ಅಜ್ಜಿಯ ಲೆಕ್ಕದಲ್ಲಿ ಐವತ್ತೆರಡು ಗಂಟು. ಪ್ರತಿ ಪಕ್ಕೆ ಮುಗಿದ ಮೇಲೆ ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಯಾರೂ ಬರೆಯಲು ಹೇಳಿರಲಿಲ್ಲ. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

“ಹೂವು ಕಟ್ಟೂದು ಬಿಟ್ಟು ಇಮಾನ ಕಟ್ಟಾಕ ಹೊಂಟಿಯೇನ ನೀ?” ಎಂದು ಅವ್ವ ಕೇಳಿದಳು. ಹೌದು ಎಂದೆ. “ಮತ್ತ ಅದರ ಮ್ಯಾಲ ಹತ್ತಬ್ಯಾಡ” ಎಂದಳು.

ಅಕ್ಟೋಬರಿನಲ್ಲಿ ಬಲರೆಕ್ಕೆ ಮುಗಿಯಿತು. ಆಗ ಒಂದು ಘಟನೆ ನಡೆಯಿತು. ಬಟ್ಟೆಗೆ ಬಳಿಯುವ ಡೋಪ್ ಎಂಬ ದ್ರವ ಪೆಟ್ರೋಲಿನಷ್ಟೇ ಬೇಗ ಹೊತ್ತಿಕೊಳ್ಳುತ್ತದೆ. ಅಜ್ಜಿ ಕೆಲಸ ಮುಗಿದ ಖುಷಿಗೆ ಅದರ ಡಬ್ಬದ ಪಕ್ಕದಲ್ಲೇ ಊದುಬತ್ತಿ ಹಚ್ಚಿದರು. ವೆಂಕಟಗಿರಿ ಸಾರ್ ಓಡಿಬಂದು ಅದನ್ನು ಬರಿಗೈಯಲ್ಲಿ ಹಿಸುಕಿ ಆರಿಸಿದರು. “ಗೋಡೆ ಮೇಲೆ ಬರೆದಿದೀನಲ್ಲಾ, ನೋಡಬಾರದಾ?” ಎಂದು ಗದರಿದರು. ಗೋಡೆಯ ಮೇಲಿದ್ದದ್ದು ಇಂಗ್ಲಿಷ್. ಅಜ್ಜಿಗೆ ಓದಲು ಬರುವುದಿಲ್ಲ, ನನಗೆ ಆ ಇಂಗ್ಲಿಷ್ ತಿಳಿದಿರಲಿಲ್ಲ.

ವೆಂಕಟಗಿರಿ ಸಾರ್ ಕೋಪ ಉಳಿಸಿಕೊಳ್ಳುವವರಲ್ಲ. ತಪ್ಪು ತಮ್ಮದು ಎಂದುಕೊಂಡು ನವೆಂಬರ್ ಒಂದರಂದು ಶೆಡ್ಡಿನ ಎಲ್ಲ ಬೋರ್ಡುಗಳನ್ನೂ ನಿಘಂಟು ಇಟ್ಟುಕೊಂಡು ಕನ್ನಡಕ್ಕೆ ತಿರುಗಿಸಿದರು. ‘ಬೆಂಕಿ ತರಬೇಡಿ.’ ‘ಚಪ್ಪಲಿ ಹೊರಗೆ ಬಿಡಿ.’ ‘ರೆಕ್ಕೆಯ ಮೇಲೆ ಕೈ ಊರಬೇಡಿ.’ “ಇನ್ನು ಬೋರ್ಡಲ್ಲಿ ಏನಿದೆಯೋ ಅದರಂತೆ ನಡೀಬೇಕು, ಅಷ್ಟೆ” ಎಂದರು. ಮಾರನೆಯ ದಿನ ಕಾಗದಪತ್ರದ ಕೆಲಸಕ್ಕೆಂದು ಕಚೇರಿಗಳಿಗೆ ಓಡಾಡಲು ಶುರು ಮಾಡಿದರು. ಬೆಳಿಗ್ಗೆ ಬಾಗಿಲು ತೆರೆದುಕೊಟ್ಟು ಹೋದರೆ ಸಂಜೆಯೇ ಬರುತ್ತಿದ್ದರು.

ನಾವು ಎಡರೆಕ್ಕೆ ಶುರು ಮಾಡಿದೆವು. ಅಜ್ಜಿ ನನ್ನಿಂದ ಎಲ್ಲ ಬೋರ್ಡುಗಳನ್ನೂ ಒಂದೊಂದಾಗಿ ಓದಿಸಿದರು. ಊದುಬತ್ತಿಯ ಬೈಗುಳ ಅವರಿಗೆ ನಾಟಿತ್ತು. ಎಲ್ಲಕ್ಕಿಂತ ದೊಡ್ಡ ಬೋರ್ಡಿನಲ್ಲಿ ಕೆಂಪು ಬಣ್ಣದಲ್ಲಿ ಹೀಗಿತ್ತು: ‘ಸ್ತಂಭನ ಮಿತಿ: 45 ಗಂಟು. ಮೀರಿದರೆ ಪರವಾನಗಿ ಇಲ್ಲ.’

“ಸ್ತಂಬ ಅಂದ್ರೆ ಏನವ್ವಾ?”

“ಕಂಬ ಇರಬೇಕು ಅಜ್ಜಿ.”

“ಪಕ್ಕೆ ಅಂದ್ರೆ ಕಂಬಾನೇ ತಾನೇ. ಕಂಬಕ್ಕೆ ನಲವತ್ತೈದು ಗಂಟು.” ಅವರು ಬೆರಳು ಮಡಚಿ ಲೆಕ್ಕ ಹಾಕಿದರು. “ನಾವು ಐವತ್ತೆರಡು ಹಾಕಿದ್ದು ತಪ್ಪಾಯ್ತು.”

“ಬಲಗಡೇದಕ್ಕೆಲ್ಲ ಹಾಕಿಬಿಟ್ಟೀವಲ್ಲ ಅಜ್ಜಿ.”

“ಅದು ರೂಲು ಬರೋಕ್ ಮುಂಚೆ ಹಾಕಿದ್ದು. ಕೇಳಿದ್ರೆ ಹಂಗೇ ಹೇಳಾನ. ಸಂಜೆ ಬಂದಾಗ ನೀನೊಂದ್ ಮಾತು ಕೇಳ್ಬಿಡು.”

ಸಂಜೆ ವೆಂಕಟಗಿರಿ ಸಾರ್ ಬಂದರು. ನಾನು ನೋಟ್‌ಬುಕ್ ಹಿಡಿದು ಬಾಗಿಲ ಬಳಿ ನಿಂತೆ. ಅವರು ಫೋನಿನಲ್ಲಿ ಮಾತಾಡುತ್ತಿದ್ದರು. ಮುಗಿಸಿ ನನ್ನ ಕಡೆ ನೋಡಿ “ಏನಮ್ಮಾ?” ಎಂದರು. ಅಷ್ಟು ಗೊತ್ತಿಲ್ಲವೇ ಎಂದು ನಕ್ಕರೆ ಎನಿಸಿತು. “ಏನಿಲ್ಲ ಸಾರ್” ಎಂದೆ. ಅಜ್ಜಿಗೆ “ಹೌದಂತೆ” ಎಂದು ಸುಳ್ಳು ಹೇಳಿದೆ. ಈ ಬರಹದಲ್ಲಿ ನಾನು ಬರೆಯಲು ಹೆದರಿದ ಸಾಲು ಇದೊಂದೇ.

ಹೊಲಿಗೆಗಳನ್ನು ಕಡಿಮೆ ಮಾಡುವಂತಿರಲಿಲ್ಲ, ಅವುಗಳ ಅಂತರಕ್ಕೆ ಬಟ್ಟೆಯ ಮೇಲೆ ಪೆನ್ಸಿಲ್ ಗುರುತಿತ್ತು. ಆದ್ದರಿಂದ ಅಜ್ಜಿ ಹತ್ತೊಂಬತ್ತು ಹೊಲಿಗೆಗೆ ಎರಡೆರಡು ಸುತ್ತು ಹಾಕಿ ಮೂವತ್ತೆಂಟು ಮಾಡಿದರು. ಉಳಿದ ಏಳು ಹೊಲಿಗೆಗೆ ಒಂದೊಂದೇ ಸುತ್ತು. ಒಟ್ಟು ನಲವತ್ತೈದು. ಅವರು ಯಾವಾಗಲೂ ರೆಕ್ಕೆಯ ಹಿಂದಿನ ಅಂಚಿನಿಂದ ಶುರು ಮಾಡುತ್ತಿದ್ದರು, ಹಾಗಾಗಿ ಬೀಗವಿಲ್ಲದ ಆ ಏಳು ಗಂಟುಗಳು ಮುಂಭಾಗಕ್ಕೆ ಬಂದವು. ಹದಿಮೂರು ಪಕ್ಕೆಗೂ ಹಾಗೆಯೇ. ನಾನು ನೋಟ್‌ಬುಕ್ಕಿನಲ್ಲಿ ಹದಿಮೂರು ಸಲ ‘19 ಜೋಡಿ, 7 ಒಂಟಿ’ ಎಂದು ಬರೆದೆ. ಅವತ್ತವತ್ತು ಹೊಲಿದದ್ದರ ಮೇಲೆ ಅವತ್ತೇ ಟೇಪು ಅಂಟಿಸಿ ಡೋಪ್ ಬಳಿದೆವು. ವೆಂಕಟಗಿರಿ ಸಾರ್ ಬಂದು ನೋಡಿದಾಗ ಸಾಲು ನೇರವಾಗಿತ್ತು, ಟೇಪು ನಯವಾಗಿತ್ತು. “ಮೆಷಿನ್ ಹೊಲಿದ ಹಾಗಿದೆ ಮುನಿತಾಯಮ್ಮ” ಎಂದರು.

ಆಮೇಲೆ ಬಾಲ, ಬಣ್ಣ, ಇಂಜಿನ್ನಿನ ಕೆಲಸ, ಇನ್ನಷ್ಟು ಕಾಗದಪತ್ರ. ಈ ವರ್ಷ ಆಗಸ್ಟಿನಲ್ಲಿ ಪರೀಕ್ಷಾ ಹಾರಾಟಕ್ಕೆ ಅನುಮತಿ ಸಿಕ್ಕಿತು. ಕೆಂಗೇರಿ ದಾಟಿ ಒಬ್ಬರ ಜಮೀನಿನಲ್ಲಿರುವ ಹುಲ್ಲಿನ ರನ್‌ವೇಗೆ ಲಾರಿಯಲ್ಲಿ ವಿಮಾನ ಸಾಗಿಸಿದರು. ಅಜ್ಜಿ ಬಾರ್ಡರ್ ಇರುವ ಸೀರೆ ಉಟ್ಟು, ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದರು.

ಅಲ್ಲಿಯೇ ನನಗೆ ಆ ನಿಯಮ ಅರ್ಥವಾದದ್ದು. ಹಾರಿಸಲು ಬಂದಿದ್ದವರು ಕೆಂಪಯ್ಯ ಎಂಬ ಹಳೆಯ ಪೈಲಟ್. ಇವತ್ತು ಏನು ನೋಡುತ್ತೀರಿ ಎಂದು ಅಜ್ಜಿ ಕೇಳಿದ್ದಕ್ಕೆ ಅವರು ಹೇಳಿದರು:

“ಸೈಕಲ್ ತುಂಬ ನಿಧಾನ ಆದ್ರೆ ಏನಾಗುತ್ತಮ್ಮಾ?”

“ಬೀಳ್ತದೆ.”

“ವಿಮಾನಾನೂ ಹಾಗೇ. ನಿಧಾನ ಮಾಡ್ತಾ ಹೋದ್ರೆ ಒಂದು ಹಂತದಲ್ಲಿ ರೆಕ್ಕೆ ‘ನನ್ನ ಕೈಲಿ ಹೊರೋಕಾಗಲ್ಲ’ ಅಂತ ಬಿಟ್ಬಿಡುತ್ತೆ. ಆ ವೇಗ ಎಷ್ಟು ಕಡಿಮೆ ಇರುತ್ತೋ ಅಷ್ಟು ನಿಧಾನಕ್ಕೆ, ಸೇಫಾಗಿ ಇಳಿಸಬಹುದು. ಈ ಹಗುರ ವಿಮಾನದ ಕ್ಲಾಸಿಗೆ ಸೇರಬೇಕಾದ್ರೆ ಅದು ನಲವತ್ತೈದು ನಾಟ್ ದಾಟಬಾರದು. ಅಂದ್ರೆ ಗಂಟೆಗೆ ಸುಮಾರು ಎಂಬತ್ತಮೂರು ಕಿಲೋಮೀಟರ್. ಮೇಲೆ ಹೋಗಿ ನಿಧಾನ ಮಾಡಿ, ಎಲ್ಲಿ ಬಿಡುತ್ತೆ ನೋಡ್ಕೊಂಡು ಬರ್ತೀನಿ.”

‘ನಲವತ್ತೈದು’ ಎಂಬ ಮಾತು ಕೇಳಿದ ಕೂಡಲೇ ನನಗೆ ಶೆಡ್ಡಿನ ಕೆಂಪು ಬೋರ್ಡು ನೆನಪಾಯಿತು: ಸ್ತಂಭನ ಎಂದರೆ ಕಂಬವಲ್ಲ, ರೆಕ್ಕೆ ಹೀಗೆ ಹೊರಲಾರದೆ ಬಿಡುವುದು. ನಾಟ್ ಎಂದರೆ ಇಂಗ್ಲಿಷಿನಲ್ಲಿ ಗಂಟು ಎಂಬುದು ಏಳನೇ ತರಗತಿಯ ಪುಸ್ತಕದಲ್ಲೇ ಇತ್ತು. ಅಷ್ಟರಲ್ಲಿ ಅವರು ಹತ್ತಿ ಕುಳಿತು ಇಂಜಿನ್ ಶುರು ಮಾಡಿದ್ದರು. ನಾನು ಓಡಿಹೋಗಿ ತಡೆಯಬೇಕಾಗಿತ್ತು. ತಡೆಯಲಿಲ್ಲ. ವಿಮಾನ ಹುಲ್ಲಿನ ಮೇಲೆ ಓಡಿ ಮೇಲೆದ್ದಿತು. ಅವರು ಇಳಿಯುವವರೆಗಿನ ಇಪ್ಪತ್ತೆರಡು ನಿಮಿಷ ನಾನು ಎಡರೆಕ್ಕೆಯನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಇನ್ನು ಮುಂದೆ ಗೊತ್ತಿಲ್ಲದ್ದನ್ನು ಕೇಳದೆ ಬಿಡುವುದಿಲ್ಲ ಎಂದು ಅಲ್ಲೇ ನಿಶ್ಚಯ ಮಾಡಿದೆ.

ಕೆಂಪಯ್ಯ ಸಾರ್ ಮೂರು ಸಲ ಪರೀಕ್ಷೆ ಮಾಡಿದ್ದರು. ಪರವಾನಗಿ ಕೊಡುವ ಕಚೇರಿಯಿಂದ ಬಂದಿದ್ದ ಅಧಿಕಾರಿ ಬರೆದುಕೊಂಡರು: 49, 50, 49.

“ಎಡಗಡೆ ಮೊದಲು ಬೀಳ್ತಿದೆ ಕಣ್ರೀ,” ಎಂದರು ಕೆಂಪಯ್ಯ ಸಾರ್. “ಬಲಗಡೆ ಇನ್ನೂ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ, ಆಗಲೇ ಎಡಗಡೆ ಕೈಬಿಡುತ್ತೆ.”

ಅಧಿಕಾರಿ ಪೆನ್ನು ಮುಚ್ಚಿದರು. “ನೋಡಿ, ನಾನು ನಂಬರ್ ಬದಲಾಯಿಸೋಕಾಗಲ್ಲ. ಆರು ವಾರ ಕೊಡ್ತೀನಿ. ಸರಿಪಡಿಸಿ ಇನ್ನೊಂದು ಸಲ ತೋರಿಸಿ. ಆಗಲೂ ನಲವತ್ತೈದು ದಾಟಿದ್ರೆ ಫೈಲ್ ಮುಚ್ಚಬೇಕಾಗುತ್ತೆ.”

ವಿಮಾನವನ್ನು ಮತ್ತೆ ಲಾರಿಯಲ್ಲಿ ಶೆಡ್ಡಿಗೆ ತಂದೆವು. ವೆಂಕಟಗಿರಿ ಸಾರ್ ಒಂದು ಡ್ರಮ್ಮಿನ ಮೇಲೆ ಕೂತು, “ಎಡರೆಕ್ಕೆಯ ಮರಾನೇ ತಿರುಚಿಕೊಂಡಿದೆ ಅನ್ಸುತ್ತೆ. ಹೊಸದು ಮಾಡೋಕೆ ಒಂದೂವರೆ ವರ್ಷ ಬೇಕು. ಆರು ವಾರದಲ್ಲಿ ಏನಾಗುತ್ತೆ? ಬಿಡಿ, ಮುಗೀತು” ಎಂದರು. ಎಂಟು ವರ್ಷದ ಕೆಲಸದ ಬಗ್ಗೆ ಅವರು ಆಡಿದ್ದು ಅಷ್ಟೇ ಮಾತು.

ಅಜ್ಜಿ ಎದ್ದು ಎಡರೆಕ್ಕೆಯ ಹತ್ತಿರ ಹೋದರು. ಮುಂಭಾಗದ ಟೇಪಿನ ಮೇಲೆ ಹೆಬ್ಬೆರಳು ಒತ್ತಿ ಆಚೀಚೆ ಸರಿಸಿದರು. ಬಲರೆಕ್ಕೆಗೆ ಹೋಗಿ ಅದೇ ಜಾಗದಲ್ಲಿ ಒತ್ತಿದರು. ಮತ್ತೆ ಎಡಕ್ಕೆ ಬಂದರು.

“ಸಾಮಿ, ಇಲ್ಲಿ ನೂಲು ಸತ್ತದೆ. ಬೆರಳಿಗೆ ಓಡಾಡ್ತದೆ.”

“ಅದೆಲ್ಲ ಏನೂ ಅಲ್ಲ ಮುನಿತಾಯಮ್ಮ. ನಿಮ್ಮ ಗಂಟು ಜಾರಲ್ಲ.”

“ಜಾರಿಬುಟ್ಟದೆ. ನಾನು ಹೇಳ್ತಾ ಇವ್ನಿ, ಜಾರಿಬುಟ್ಟದೆ.”

ನಾನು ಚೀಲದಿಂದ ನೋಟ್‌ಬುಕ್ ತೆಗೆದೆ. ಪುಟ ತೆರೆದು ವೆಂಕಟಗಿರಿ ಸಾರ್ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡರು.

“ಹತ್ತೊಂಬತ್ತು ಜೋಡಿ, ಏಳು ಒಂಟಿ. ಒಂಟಿ ಅಂದ್ರೆ ಏನಮ್ಮಾ?”

“ಒಂದೇ ಸುತ್ತು ಸಾರ್.”

“ಬೀಗದ ಸುತ್ತು ಹಾಕಿಲ್ವಾ? ಹದಿಮೂರು ಪಕ್ಕೆಗೂ? ಯಾಕೆ?”

ನಾನು ಗೋಡೆಯ ಕೆಂಪು ಬೋರ್ಡು ತೋರಿಸಿದೆ. “ನಲವತ್ತೈದು ಗಂಟು ಮೀರಬಾರದು ಅಂತ ಬರೆದಿತ್ತು. ಎರಡೆರಡು ಹಾಕಿದ್ರ ಐವತ್ತೆರಡು ಆಗ್ತಿತ್ತು. ನಿಮ್ಮನ್ನ ಕೇಳು ಅಂತ ಅಜ್ಜಿ ಹೇಳಿದ್ರು. ನಾನು ಕೇಳಲಿಲ್ಲ. ಕೇಳೀನಿ ಅಂತ ಸುಳ್ಳು ಹೇಳಿದೆ. ತಪ್ಪು ನನ್ನದು.”

ಶಾಲೆ ಬಿಟ್ಟ ಮೇಲೆ ಹೊರಗಿನವರ ಮುಂದೆ ನಾನು ಒಂದೇ ಉಸಿರಿಗೆ ಆಡಿದ ಅತಿ ಉದ್ದದ ಮಾತು ಅದು. ವೆಂಕಟಗಿರಿ ಸಾರ್ ಬೋರ್ಡನ್ನು ನೋಡಿದರು. ನೋಟ್‌ಬುಕ್ ನೋಡಿದರು. ಮತ್ತೆ ಬೋರ್ಡನ್ನು ನೋಡಿದರು.

“ನಾಟ್ ಅಂದ್ರೆ ಗಂಟು,” ಎಂದರು ನಿಧಾನವಾಗಿ. “ನಿಘಂಟಲ್ಲಿ ಹಾಗೇ ಇತ್ತು. ನಾನೇ ಬರೆದೆ.”

“ನೀವು ಇಂಗ್ಲೀಸಲ್ಲೇ ಬುಟ್ಟಿದ್ರೆ ನಮಗೆ ಅರ್ಥಾನೇ ಆಯ್ತಿರ್ಲಿಲ್ಲ. ಅರ್ಥ ಆಗದೆ ಸರಿಯಾಗ್ ಕಟ್ತಿದ್ವಿ,” ಎಂದರು ಅಜ್ಜಿ.

ವೆಂಕಟಗಿರಿ ಸಾರ್ ನಕ್ಕರು. ಕಣ್ಣಲ್ಲಿ ನೀರೂ ಇತ್ತು. ಆಮೇಲೆ ಮುಖ ಗಂಭೀರವಾಯಿತು. “ಕೆಂಪಯ್ಯ ಮೇಲೆ ಹೋಗಿದ್ದಾಗ ಬಟ್ಟೆ ಕಿತ್ತುಬಂದಿದ್ರೆ ಏನಾಗ್ತಿತ್ತು ಗೊತ್ತಾ?” ಎಂದು ಕೇಳಿದರು. “ಮುಚ್ಚೋ ಮೊದಲು ನಾನು ಪ್ರತಿ ಗಂಟನ್ನೂ ನೋಡಬೇಕಾಗಿತ್ತು. ಕಟ್ಟೋದು ನಿಮ್ಮ ಕೆಲಸ, ನೋಡೋದು ನನ್ನ ಕೆಲಸ. ನಾನು ಬರೀ ಟೇಪು ನೋಡಿದೆ” ಎಂದರು.

ಒಂದು ಪಕ್ಕೆಯ ಟೇಪು ಬಿಚ್ಚಿ ನೋಡಿದೆವು. ಮುಂದಿನ ಏಳು ಗಂಟುಗಳಲ್ಲಿ ಐದು ಸಡಿಲವಾಗಿದ್ದವು. ಬಟ್ಟೆ ಪಕ್ಕೆಯಿಂದ ಕಡ್ಡಿ ತೂರುವಷ್ಟು ಮೇಲೆದ್ದಿತ್ತು. ಹಾರುವಾಗ ಅದು ಇನ್ನೂ ಉಬ್ಬಿ ರೆಕ್ಕೆಯ ಆಕಾರವನ್ನೇ ಕೆಡಿಸುತ್ತದೆ, ಅದಕ್ಕೇ ಆ ರೆಕ್ಕೆ ಬೇಗ ಕೈಬಿಡುತ್ತಿದೆ ಎಂದು ವೆಂಕಟಗಿರಿ ಸಾರ್ ವಿವರಿಸಿದರು. ಅವರ ದನಿಯಲ್ಲಿ ಜೀವ ಬಂದಿತ್ತು.

“ಹಾಗಿದ್ರೆ ಮುಂದಿನ ಏಳೇಳು ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ರೆ ಸಾಕು. ಒಂದು ವಾರದ ಕೆಲಸ.”

“ಆಗಾಕಿಲ್ಲ,” ಎಂದರು ಅಜ್ಜಿ.

“ಯಾಕೆ?”

“ನಡುವೆ ನೂಲು ಜೋಡಿಸಿದ್ರೆ ಅಲ್ಲೊಂದ್ ಸೋಲು ಇರ್ತದೆ. ಮಾಲೆ ಅಂದ್ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ನೂಲು ಇರ್ಬೇಕು. ಎಲ್ಲಾ ಬಿಚ್ಚಬೇಕು.”

“ಮುನ್ನೂರ ಮೂವತ್ತೆಂಟು ಹೊಲಿಗೆ ಇದೆ ಮುನಿತಾಯಮ್ಮ. ಟೇಪೆಲ್ಲ ತೆಗೀಬೇಕು. ನಿಮ್ಮ ವ್ಯಾಪಾರ?”

“ಹತ್ತು ಗಂಟೆಗೆ ಬುಟ್ಟಿ ಖಾಲಿ ಮಾಡ್ಕೊಂಡು ಬತ್ತೀನಿ. ನೀವು ನೂಲಿಗೆ ಮೇಣ ಹಚ್ಚಿ ಮಡಗಿ.”

ಮಾರನೆಯ ದಿನದಿಂದ ಹಾಗೆಯೇ ನಡೆಯಿತು. ಹೂವು ಮುಗಿಯದ ದಿನ ಪಕ್ಕದ ಸೊಪ್ಪಿನವಳ ಹತ್ತಿರ ಬುಟ್ಟಿ ಬಿಟ್ಟು ಬರುತ್ತಿದ್ದರು. ಟೇಪು ಬಿಚ್ಚಲು ಹಚ್ಚುವ ದ್ರವದ ವಾಸನೆಗೆ ಅವರಿಗೆ ತಲೆ ಸುತ್ತುತ್ತಿತ್ತು. ಹೊರಗೆ ಹೋಗಿ ಎರಡು ನಿಮಿಷ ನಿಂತು ಬರುತ್ತಿದ್ದರು. ಬೀದಿಯಲ್ಲಿ ಗ್ಯಾರೇಜಿನ ರಾಚಪ್ಪ ಕೂಗುತ್ತಿದ್ದ: “ಅಜ್ಜಿ, ವಿಮಾನಕ್ಕೆ ಮಲ್ಲಿಗೆ ಮುಡಿಸ್ತಿದೀರಾ, ಸೇವಂತಿಗೇನಾ?” ಅಜ್ಜಿ, “ನಿಂಗೂ ಒಂದ್ ಗಂಟು ಹಾಕ್ತೀನಿ ಬಾ, ಮದುವೆ ವಯಸ್ಸು ಮೀರ್ತಾ ಅದೆ” ಎನ್ನುತ್ತಿದ್ದರು.

ಈ ಸಲ ನಾವು ಕೆಲಸದ ಕ್ರಮ ಬದಲಿಸಿದೆವು. ಅಜ್ಜಿ ಗಂಟು ಹಾಕಿದ ಮೇಲೆ ‘ಜೋಡಿ’ ಎಂದು ಹೇಳಬೇಕು. ನಾನು ಈಚೆಯಿಂದ ನೂಲು ಎಳೆದು ನೋಡಿ ‘ಹೂಂ’ ಎನ್ನಬೇಕು. ಪಕ್ಕೆ ಮುಗಿದ ಮೇಲೆ ನಾನು ಆಚೆಗೆ ಹೋಗಿ ಇಪ್ಪತ್ತಾರನ್ನೂ ಉಗುರಿನಿಂದ ನೂಕಿ ನೋಡಬೇಕು. ಆಮೇಲೆ ವೆಂಕಟಗಿರಿ ಸಾರ್ ನೋಡಬೇಕು. ಮೂವರೂ ಒಪ್ಪಿದರೆ ಮಾತ್ರ ಟೇಪು. ಐದನೆಯ ಪಕ್ಕೆಯಲ್ಲಿ ಹದಿನೇಳನೆಯ ಗಂಟಿನ ನೂಲು ಎಳೆದಾಗ ಅದು ನನಗೆ ಸ್ವಲ್ಪ ಅಲುಗಿದಂತಾಯಿತು. ಹೇಳಲೋ ಬೇಡವೋ ಎಂದು ನಿಂತೆ. ಹೇಳಿದೆ. ಅಜ್ಜಿ ಬೆರಳಿಟ್ಟು ನೋಡಿ, “ನಂಗೆ ಹಂಗನ್ಸಲ್ಲ. ಆದ್ರೂ ನೀನು ಹೇಳಿದ್ಮೇಲೆ ಬಿಚ್ಚಾನ” ಎಂದು ಹಿಂದಿನ ಹದಿನಾರನ್ನೂ ಬಿಚ್ಚಿ ಹೊಸ ನೂಲು ಹಾಕಿದರು. ಅವತ್ತಿನ ಇಡೀ ಮಧ್ಯಾಹ್ನ ಅದಕ್ಕೇ ಹೋಯಿತು. ಅವರು ಒಂದು ಸಲವೂ ಗೊಣಗಲಿಲ್ಲ.

ನಾಲ್ಕು ವಾರ ಎರಡು ದಿನದಲ್ಲಿ ಹೊಲಿಗೆ ಮುಗಿಯಿತು. ಟೇಪು, ಡೋಪ್, ಬಣ್ಣಕ್ಕೆ ಇನ್ನೊಂದು ವಾರ.

ಅಕ್ಟೋಬರ್ ನಾಲ್ಕರಂದು ಮತ್ತೆ ಅದೇ ಹುಲ್ಲಿನ ರನ್‌ವೇಗೆ ಹೋದೆವು. ನಡೆದದ್ದನ್ನೆಲ್ಲ ವೆಂಕಟಗಿರಿ ಸಾರ್ ಮೊದಲೇ ಕೆಂಪಯ್ಯ ಸಾರ್‌ಗೂ ಅಧಿಕಾರಿಗೂ ಮುಚ್ಚುಮರೆಯಿಲ್ಲದೆ ಬರೆದು ಕೊಟ್ಟಿದ್ದರು. ಕೆಂಪಯ್ಯ ಸಾರ್ ಹತ್ತುವ ಮೊದಲು ಅಜ್ಜಿಯ ಮುಂದೆ ನಿಂತರು.

“ಏನಮ್ಮಾ, ಈ ಸಲ ಎಷ್ಟು ಗಂಟು?”

“ಐವತ್ತೆರಡು. ನೀವು ನಲವತ್ತೈದರೊಳಗೆ ತನ್ನಿ.”

ಅವರು ಮೇಲೆ ಹೋದರು. ಅಜ್ಜಿ ನೋಡಲಿಲ್ಲ. ನೆಲದ ಮೇಲೆ ಕೂತು ಗರಿಕೆಯನ್ನು ಕಿತ್ತು ಕಿತ್ತು ಎರಡೆರಡಾಗಿ ಜೋಡಿಸಿ ಕಟ್ಟುತ್ತಿದ್ದರು. ನಾನು ನೋಡಿ ಹೇಳುತ್ತಿದ್ದೆ. “ಈಗ ಇಂಜಿನ್ ಸದ್ದು ಕಡಿಮೆಯಾಯ್ತು ಅಜ್ಜಿ. ನಿಧಾನ ಆಗ್ತಿದೆ. ಮೂತಿ ಮೇಲೆ ಎದ್ದಿದೆ. ಇನ್ನೂ ನಿಧಾನ.” ಆಮೇಲೆ ವಿಮಾನ ಮೂತಿ ತಗ್ಗಿಸಿತು. ಎಡಕ್ಕೂ ಬೀಳಲಿಲ್ಲ, ಬಲಕ್ಕೂ ಬೀಳಲಿಲ್ಲ. ನೇರವಾಗಿ ತಲೆ ಬಗ್ಗಿಸಿ, ಮತ್ತೆ ವೇಗ ಹಿಡಿದು ಮೇಲೆದ್ದಿತು. “ನೇರ ಐತಿ ಅಜ್ಜಿ” ಎಂದೆ. ನನ್ನ ಊರಿನ ಮಾತು ಬಾಯಿಗೆ ಬಂದಿತ್ತು. ಯಾರೂ ನಗಲಿಲ್ಲ.

ಇಳಿದ ಮೇಲೆ ಅಧಿಕಾರಿ ಅಂಕಿಗಳನ್ನು ಬರೆದುಕೊಂಡು, ವೇಗ ತೋರಿಸುವ ಉಪಕರಣದ ತಿದ್ದುಪಡಿಯ ಪಟ್ಟಿಯೊಂದಿಗೆ ಹೋಲಿಸಿ ಗಟ್ಟಿಯಾಗಿ ಓದಿದರು: 44, 43, 44.

“ಮಿತಿಯೊಳಗಿದೆ,” ಎಂದರು. “ನಾನು ಹಾಗೇ ವರದಿ ಕೊಡ್ತೀನಿ.”

ವೆಂಕಟಗಿರಿ ಸಾರ್ ಚಕ್ರದ ಪಕ್ಕ ಕೂತುಬಿಟ್ಟರು. ಕೆಂಪಯ್ಯ ಸಾರ್ ಅವರ ಭುಜದ ಮೇಲೆ ಕೈ ಇಟ್ಟು ನಿಂತಿದ್ದರು. ಚಿತ್ರಾನ್ನದ ಡಬ್ಬಿ ಈ ಸಲ ಖಾಲಿಯಾಯಿತು.

ವಿಮಾನಕ್ಕೆ ಒಂದು ದಾಖಲೆ ಪುಸ್ತಕವಿದೆ. ಬಟ್ಟೆ ಕೆಲಸ ಮಾಡಿದವರ ಹೆಸರನ್ನು ಅದರಲ್ಲಿ ನಮೂದಿಸಬೇಕು ಎಂದು ಅಧಿಕಾರಿ ಹೇಳಿದರು. ವೆಂಕ‌ಟಗಿರಿ ಸಾರ್ ಆ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಾನು ಬಹಳ ನಿಧಾನವಾಗಿ ‘ಮುನಿತಾಯಮ್ಮ, ಹೊಸಹಳ್ಳಿ’ ಎಂದು ಬರೆದೆ. ಪಕ್ಕದಲ್ಲಿ ಅಜ್ಜಿ ಹೆಬ್ಬೆಟ್ಟು ಒತ್ತಿದರು. ಶಾಯಿಯ ಬೆರಳನ್ನು ಸೆರಗಿಗೆ ಒರೆಸದೆ ಹುಲ್ಲಿಗೆ ಒರೆಸಿಕೊಂಡು, ವಿಮಾನದ ಹಿಂಭಾಗದ ಕಡೆ ನೋಡಿದರು.

“ಸಾಮಿ, ಬಾಲಾನೂ ನಾವು ಬೋರ್ಡು ಬಂದ್ಮೇಲೆ ಕಟ್ಟಿದ್ದು.”

“ಬಾಲದ ಪಕ್ಕೆ ಚಿಕ್ಕದು ಮುನಿತಾಯಮ್ಮ. ಹದಿನಾಲ್ಕೇ ಹೊಲಿಗೆ. ಎರಡೆರಡು ಹಾಕಿದ್ರೂ ಇಪ್ಪತ್ತೆಂಟು, ನಲವತ್ತೈದು ಆಗೋದೇ ಇಲ್ಲ. ಎಲ್ಲಕ್ಕೂ ಜೋಡಿನೇ ಹಾಕಿರ್ತೀರಿ.”

“ಹಾಕಿರ್ತೀನಿ ಬೇರೆ, ಹಾಕಿವ್ನಿ ಬೇರೆ.” ಅವರು ನನ್ನ ಕಡೆ ತಿರುಗಿದರು. “ಬರೆದಿದ್ದೀಯೇನವ್ವಾ?”

ನಾನು ನೋಟ್‌ಬುಕ್ ತಿರುವಿ ನೋಡಿದೆ. ಬಾಲ ಕಟ್ಟಿದ ವಾರ ನನಗೆ ಜ್ವರವಿತ್ತು. ಎರಡು ದಿನ ಅಜ್ಜಿಯ ಮಗಳು ಬಂದು ಸೂಜಿ ಹಿಡಿದಿದ್ದರು. ಆ ಎರಡು ದಿನದ ಪುಟ ಖಾಲಿಯಿತ್ತು. ಒಟ್ಟು ಆರು ಪಕ್ಕೆ.

“ಇಲ್ಲ ಅಜ್ಜಿ. ಆರು ಪಕ್ಕೆ ಬರೆದಿಲ್ಲ.”

“ಹಂಗಾದ್ರೆ ನೋಡ್ಬೇಕು.”

ವೆಂಕಟಗಿರಿ ಸಾರ್ ವಾದ ಮಾಡಲಿಲ್ಲ. ಆರು ಪಕ್ಕೆಯನ್ನೂ ತೆರೆದು ನೋಡುವವರೆಗೆ ವಿಮಾನ ಹಾರುವುದಿಲ್ಲ ಎಂದು ಅಲ್ಲಿಯೇ ಅದೇ ಪುಸ್ತಕದಲ್ಲಿ ಬರೆದು ಸಹಿ ಮಾಡಿದರು. ಅಜ್ಜಿ ಹಬ್ಬದ ಹೂವಿನ ಕೆಲಸ ಮುಗಿಸಿಕೊಂಡು ಬರುತ್ತಾರೆ. ಟೇಪು ಬಿಚ್ಚುವುದನ್ನು ಈಗ ನನಗೂ ಒಬ್ಬಳೇ ಮಾಡಲು ಬರುತ್ತದೆ. ಈ ಬರಹವನ್ನು ಸಂಘದ ಪೆಟ್ಟಿಗೆಗೆ ಹಾಕಿ, ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಶೆಡ್ಡಿಗೆ ಹೋಗಿ, ಬಾಲದ ಎಡಗಡೆಯ ಮೊದಲನೆಯ ಪಕ್ಕೆಯಿಂದ ಶುರು ಮಾಡುತ್ತೇನೆ.